‘ಹಲ್ಲಿ’ ಅಂತ ಕರೆದರೆ ಏನಾಯ್ತು?

ಭಾನುವಾರ ಮಗ್ರಿಬ್ ಬಾಂಗ್ ಆದ ಕೂಡಲೇ ಹುಡುಗನಿಗೆ ಹೊಟ್ಟೆನೋವು ಶುರು. ಸೋಮವಾರ ಬೆಳಿಗ್ಗೆ ಮದ್ರಸಕ್ಕೆ ಎಬ್ಬಿಸಿದರೆ ವಾಂತಿ ಬರ್ತದೆ ಎನ್ನುತ್ತಾನೆ. ಶಾಲೆಯ ವ್ಯಾನ್ ಹೋಗಿ ಅರ್ಧ ಗಂಟೆ ಕಳೆದರೆ ನೋವೂ ಇಲ್ಲ, ವಾಂತಿಯೂ ಇಲ್ಲ. ಗಂಜಿ ಉಂಡು ಅಂಗಳದಲ್ಲಿ ಒಬ್ಬನೇ ಆಡುತ್ತಾನೆ.

ಇದು ನಮ್ಮ ಪರಿಚಯದ ಒಂದು ಮನೆಯ ಕಥೆ. ಹುಡುಗ ಆರನೇ ತರಗತಿ. ತಂದೆ ಸೌದಿಯಲ್ಲಿ. ಉಮ್ಮ ಮೊದಲು ಡಾಕ್ಟರ ಹತ್ತಿರ ಕರಕೊಂಡು ಹೋದರು, ಹುಳದ ಮಾತ್ರೆ ಕೊಟ್ಟರು. ಸ್ಕ್ಯಾನಿಂಗ್ ಆಯ್ತು, ಎಲ್ಲ ಸರಿ ಉಂಟು ಅಂತ ವರದಿ ಬಂತು. ಕಣ್ಣು ಬಿದ್ದಿರಬೇಕು ಅಂತ ಹೇಳಿ ಅಜ್ಜಿ ಉಸ್ತಾದರಿಂದ ನೀರು ಓದಿಸಿ ತಂದರು. ಅದೂ ಆಯ್ತು. ಕೊನೆಗೆ ‘ಇವನಿಗೆ ಉದಾಸೀನ, ಓದಲಿಕ್ಕೆ ಮನಸ್ಸಿಲ್ಲ’ ಎಂಬ ತೀರ್ಮಾನಕ್ಕೆ ಬಂದು ಎರಡು ಪೆಟ್ಟೂ ಬಿತ್ತು.

ಒಂದು ದಿನ ಬ್ಯಾಗ್ ಒಗೆಯಲು ತೆಗೆದಾಗ ಕನ್ನಡ ನೋಟ್ ಪುಸ್ತಕ ಕೈಗೆ ಸಿಕ್ಕಿತು. ಲೇಬಲ್ಲಿನಲ್ಲಿದ್ದ ಹೆಸರನ್ನು ಯಾರೋ ಪೆನ್ನಿನಿಂದ ಗೀಚಿ ಹಾಕಿದ್ದರು. ಅದರ ಮೇಲೆ ಒಂದು ಹಲ್ಲಿಯ ಚಿತ್ರ. ಒಳಗೆ ಪುಟ ಪುಟದಲ್ಲೂ ಹಲ್ಲಿ, ಹಲ್ಲಿ, ಹಲ್ಲಿ.

ನಡೆದದ್ದು ಇಷ್ಟೆ. ಕನ್ನಡ ತರಗತಿಯಲ್ಲಿ ಹುಡುಗ ಪಾಠ ಓದುವಾಗ ‘ನಮ್ಮ ಹಳ್ಳಿ’ ಎನ್ನುವ ಕಡೆ ‘ನಮ್ಮ ಹಲ್ಲಿ’ ಎಂದು ಓದಿದ್ದ. ತರಗತಿ ಗೊಳ್ಳೆಂದು ನಕ್ಕಿತು. ಟೀಚರಿಗೂ ನಗು ತಡೆಯಲಾಗಲಿಲ್ಲ. ‘ಇನ್ನೊಮ್ಮೆ ಹೇಳು’ ಅಂದರು, ಅವನು ಇನ್ನೊಮ್ಮೆ ಹಾಗೆಯೇ ಹೇಳಿದ. ಆ ದಿನದಿಂದ ಅವನ ಹೆಸರು ಹಲ್ಲಿ. ಮೈದಾನದಲ್ಲಿ, ನೀರಿನ ನಳ್ಳಿಯ ಹತ್ತಿರ, ವ್ಯಾನಿನಲ್ಲಿ. ಅವನು ಬಂದರೆ ಒಬ್ಬ ಲೊಚಗುಟ್ಟುತ್ತಾನೆ, ಉಳಿದವರು ನಗುತ್ತಾರೆ. ಅವನ ಪಕ್ಕದ ಸೀಟು ಖಾಲಿ. ವಾಟ್ಸಾಪ್ ಗುಂಪಿನಲ್ಲಿ ಅವನ ಮುಖಕ್ಕೆ ಬಾಲ ಅಂಟಿಸಿದ ಸ್ಟಿಕ್ಕರ್. ನಾಲ್ಕು ತಿಂಗಳು ಹೀಗೆ ನಡೆದಿತ್ತು.

ನಮ್ಮನ್ನು ಹೆಚ್ಚು ಚುಚ್ಚಿದ್ದು ಮುಂದಿನ ಮಾತು. ‘ಶಾಲೆಯಲ್ಲಿ ಕರೆದ್ರೆ ತಡ್ಕೊಳ್ತಿದ್ದೆ ಉಮ್ಮಾ, ಮದ್ರಸದಲ್ಲೂ ಹಾಗೇ ಕರಿಲಿಕ್ಕೆ ಶುರು ಮಾಡಿದ್ರು’ ಅಂತ ಹುಡುಗ ಅತ್ತನಂತೆ. ವ್ಯಾನಿನಲ್ಲಿ ಜೊತೆಗಿದ್ದ ನಮ್ಮದೇ ಮಕ್ಕಳು ಆ ಹೆಸರನ್ನು ಮದ್ರಸಕ್ಕೂ ಹೊತ್ತುಕೊಂಡು ಬಂದಿದ್ದರು.

ತಪ್ಪು ನಾಲಿಗೆಯದ್ದಲ್ಲ

ಮೊದಲು ಆ ಅಕ್ಷರದ ವಿಷಯ ಹೇಳಿಬಿಡುತ್ತೇವೆ. ಬ್ಯಾರಿ ಬಾಸೆಯಲ್ಲಿ ‘ಲ’ ಮತ್ತು ‘ಳ’, ‘ನ’ ಮತ್ತು ‘ಣ’ ಬೇರೆ ಬೇರೆಯಾಗಿ ಉಳಿದಿಲ್ಲ. ಮಲಯಾಳ, ಕನ್ನಡಗಳಲ್ಲಿ ನಾಲಿಗೆ ಮಡಚಿ ಹೇಳುವ ಕಡೆ ನಮ್ಮ ಮನೆಮಾತಿನಲ್ಲಿ ನಾಲಿಗೆ ಮಡಚುವುದಿಲ್ಲ. ಹಾಗಾಗಿ ಮನೆಯಲ್ಲಿ ಬ್ಯಾರಿ ಮಾತ್ರ ಕೇಳಿ ಬೆಳೆದ ಮಗುವಿಗೆ ಬಳೆಯೂ ಬಲೆಯೂ ಒಂದೇ, ಹಣವೂ ಹನವೂ ಒಂದೇ. ಇದು ದಡ್ಡತನ ಅಲ್ಲ, ಒಂದು ಭಾಷೆಯ ಗುಣ. ಎಲ್ಲ ಭಾಷೆಯವರಿಗೂ ಇಂಥದ್ದೊಂದು ಉಂಟು. ಅರಬಿಯ ಕೆಲವು ಅಕ್ಷರ ಹೇಳಲಿಕ್ಕೆ ನಾವೆಲ್ಲ ಮದ್ರಸದಲ್ಲಿ ಎಷ್ಟು ವರ್ಷ ಪಾಡು ಪಟ್ಟಿದ್ದೇವೆ ಅಂತ ನಮಗೇ ಗೊತ್ತಲ್ಲವಾ?

ನಮ್ಮ ಬಾಸೆಗೆ 2007ರಲ್ಲಿ ಸರಕಾರ ಸಾಹಿತ್ಯ ಅಕಾಡಮಿಯನ್ನೇ ಕೊಟ್ಟಿತು. 2011ರ ‘ಬ್ಯಾರಿ’ ಸಿನೆಮಾಕ್ಕೆ ರಾಷ್ಟ್ರಪ್ರಶಸ್ತಿ ಬಂತು. ವೇದಿಕೆಯಲ್ಲಿ ಬಾಸೆಯ ಅಭಿಮಾನ ಬೇಕಾದಷ್ಟು ಉಂಟು. ಆದರೆ ಅದೇ ಬಾಸೆಯ ಮಗು ತರಗತಿಯಲ್ಲಿ ಎದ್ದು ನಿಂತು ಓದುವಾಗ ಅದರ ಬೆನ್ನಿಗೆ ಯಾರೂ ಇಲ್ಲ.

ತಮಾಷೆ ಯಾವುದು, ಹಿಂಸೆ ಯಾವುದು?

‘ಮಕ್ಕಳಲ್ವಾ, ಅದೆಲ್ಲ ಇದ್ದದ್ದೇ. ನಾವೂ ಹಾಗೇ ದೊಡ್ಡವರಾದದ್ದು’ ಎಂದು ಹೇಳುವವರು ನಮ್ಮಲ್ಲಿ ಹೆಚ್ಚು. ಎಲ್ಲ ಕೀಟಲೆಯೂ ಹಿಂಸೆ ಅಲ್ಲ, ಒಪ್ಪೋಣ. ಇಬ್ಬರು ಗೆಳೆಯರು ಒಬ್ಬರನ್ನೊಬ್ಬರು ಕಿಚಾಯಿಸುತ್ತಾರೆ, ಜಗಳ ಆಡುತ್ತಾರೆ, ಮಾರನೇ ದಿನ ಒಂದೇ ಐಸ್‌ಕ್ಯಾಂಡಿ ಚೀಪುತ್ತಾರೆ. ಅದು ಬಾಲ್ಯ.

ಬುಲ್ಲಿಯಿಂಗ್ ಬೇರೆ. ನಾರ್ವೆಯಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವಿಯಸ್ ಇದಕ್ಕೆ ಮೂರು ಗುರುತು ಹೇಳಿದ್ದಾರೆ. ನೋಯಿಸಬೇಕೆಂದೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ಮತ್ತು ನೋವು ತಿನ್ನುವವನಿಗೆ ಎದುರು ನಿಲ್ಲುವ ಬಲ ಇಲ್ಲದಿರುವುದು. ಬಲ ಎಂದರೆ ತೋಳ್ಬಲ ಮಾತ್ರ ಅಲ್ಲ. ಆ ಕಡೆ ಹತ್ತು ಮಂದಿ, ಈ ಕಡೆ ಒಬ್ಬ ಇದ್ದರೂ ಸಾಕು. ಆ ಕಡೆ ನಿರರ್ಗಳ ಇಂಗ್ಲಿಷು, ಈ ಕಡೆ ಮುರುಕು ಕನ್ನಡ ಇದ್ದರೂ ಸಾಕು.

1982ರ ಕೊನೆಗೆ ನಾರ್ವೆಯಲ್ಲಿ ಮೂವರು ಹುಡುಗರು ಸಹಪಾಠಿಗಳ ಹಿಂಸೆ ತಾಳಲಾರದೆ ಜೀವ ಕಳಕೊಂಡರೆಂಬ ಸುದ್ದಿ ಇಡೀ ದೇಶವನ್ನು ಅಲುಗಾಡಿಸಿತು. ಮರುವರ್ಷವೇ ಅಲ್ಲಿನ ಶಿಕ್ಷಣ ಇಲಾಖೆ ದೇಶವ್ಯಾಪಿ ಅಭಿಯಾನ ಶುರು ಮಾಡಿತು. ಶಿಕ್ಷಕರು, ಹೆತ್ತವರು, ಮಕ್ಕಳು ಸೇರಿ ಕೆಲಸ ಮಾಡಿದ ಬರ್ಗೆನ್ ನಗರದ ಶಾಲೆಗಳಲ್ಲಿ ಎರಡು ವರ್ಷದೊಳಗೆ ಹಿಂಸೆ ಅರ್ಧದಷ್ಟು ಇಳಿಯಿತೆಂದು ಓಲ್ವಿಯಸ್ ವರದಿ ಮಾಡಿದರು. ಅಂದರೆ ಇದು ‘ಇದ್ದದ್ದೇ’ ಅಲ್ಲ. ಇಳಿಸಲಿಕ್ಕೆ ಆಗುತ್ತದೆ.

ಜಗತ್ತಿನ ಲೆಕ್ಕವೂ ಸಣ್ಣದಲ್ಲ. ಯುನೆಸ್ಕೋ 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹಿಂದಿನ ಒಂದು ತಿಂಗಳಲ್ಲಿ ಸಹಪಾಠಿಗಳಿಂದ ಇಂಥ ಹಿಂಸೆ ಅನುಭವಿಸಿದ ವಿದ್ಯಾರ್ಥಿಗಳು ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು. ನಿಮ್ಮ ಮನೆಯಲ್ಲಿ ಶಾಲೆಗೆ ಹೋಗುವ ಮೂವರು ಮಕ್ಕಳಿದ್ದರೆ ಈ ಲೆಕ್ಕವನ್ನು ಒಮ್ಮೆ ಅವರ ಮುಖ ನೋಡಿಕೊಂಡು ಓದಿ.

ಹೆಸರು ಹಿಡಿದು, ಧರ್ಮ ಹಿಡಿದು

ನಮ್ಮ ಮಕ್ಕಳಿಗೆ ಇನ್ನೊಂದು ಬಗೆಯ ಪೆಟ್ಟೂ ಬೀಳುತ್ತದೆ. ಕ್ರಿಕೆಟ್ ಪಂದ್ಯದ ಮಾರನೇ ದಿನ ‘ನಿಮ್ಮ ಪಾಕಿಸ್ತಾನ ಸೋತಿತಲ್ಲ’ ಎಂಬ ಮಾತು. ಎಲ್ಲೋ ಬಾಂಬ್ ಸಿಡಿದರೆ ಇಲ್ಲಿ ಒಂಬತ್ತನೇ ತರಗತಿಯ ಹುಡುಗನ ಬೆನ್ನ ಹಿಂದೆ ಪಿಸುಮಾತು. ಶಾಲು ಹಾಕಿದ ಹುಡುಗಿಗೆ ಒಂದು ಮಾತು, ಡಬ್ಬಿಯ ಊಟಕ್ಕೆ ಒಂದು ಮಾತು. ದೇಶದ ಬೇರೆ ಬೇರೆ ನಗರಗಳ ತಾಯಂದಿರನ್ನು ಮಾತಾಡಿಸಿ ನಾಜಿಯಾ ಇರಮ್ ಬರೆದ ‘ಮದರಿಂಗ್ ಎ ಮುಸ್ಲಿಂ’ ಎಂಬ ಇಂಗ್ಲಿಷ್ ಪುಸ್ತಕ ಇದೇ ವಿಷಯದ್ದು. ದುಬಾರಿ ಫೀಸಿನ ಶಾಲೆಗಳಲ್ಲೂ ಇದು ನಡೆಯುತ್ತದೆಂದು ಆ ತಾಯಂದಿರು ಹೇಳಿದ್ದಾರೆ. 2023ರ ಆಗಸ್ಟಿನಲ್ಲಿ ಉತ್ತರಪ್ರದೇಶದ ಮುಝಫ್ಫರ್‌ನಗರದ ಒಂದು ಶಾಲೆಯಲ್ಲಿ ಮುಸ್ಲಿಂ ಬಾಲಕನಿಗೆ ಸಹಪಾಠಿಗಳಿಂದ ಹೊಡೆಸಿದ ವೀಡಿಯೋವನ್ನು ನಾವೆಲ್ಲ ನೋಡಿದ್ದೇವೆ. ಆ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು.

ಇಂಥದ್ದಾದರೆ ಸುಮ್ಮನಿರಬಾರದು. ಆದರೆ ಒಂದು ಎಚ್ಚರಿಕೆ. ನಮ್ಮ ಜಿಲ್ಲೆಯ ಹವೆ ನಿಮಗೂ ಗೊತ್ತುಂಟು. ಇಬ್ಬರು ಮಕ್ಕಳ ಜಗಳ ಸಂಜೆಯೊಳಗೆ ಎರಡು ಕೋಮಿನ ಜಗಳ ಆಗಲಿಕ್ಕೆ ಒಂದು ಧ್ವನಿಸಂದೇಶ ಸಾಕು. ಮಗುವಿನ ಅಳುಮುಖದ ವೀಡಿಯೋ ಮಾಡಿ ಗುಂಪಿಗೆ ಬಿಡುವವರು ಮಗುವಿಗೆ ಸಹಾಯ ಮಾಡುವುದಿಲ್ಲ. ನಾಳೆಯೂ ಅದೇ ಬೆಂಚಿನಲ್ಲಿ ಕೂರಬೇಕಾದದ್ದು ಆ ಮಗು. ದೂರು ಬರವಣಿಗೆಯಲ್ಲಿ ಶಾಲೆಗೆ ಹೋಗಲಿ, ಮೊಬೈಲಿಗೆ ಬೇಡ.

ನಮ್ಮ ಅಂಗಳವನ್ನೂ ಗುಡಿಸೋಣ

ಪೆಟ್ಟು ತಿನ್ನುವವರು ಮಾತ್ರ ನಮ್ಮ ಮಕ್ಕಳು ಎಂದು ಬರೆದರೆ ಈ ಪುಟಕ್ಕೆ ನಾವು ಮೋಸ ಮಾಡಿದ ಹಾಗೆ. ಕೊಡುವವರಲ್ಲೂ ನಮ್ಮ ಮಕ್ಕಳಿದ್ದಾರೆ. ಕಪ್ಪಗಿರುವವನಿಗೆ ಒಂದು ಹೆಸರು, ದಪ್ಪಗಿರುವವಳಿಗೆ ಒಂದು, ಮಾತು ತೊದಲುವವನಿಗೆ ಇನ್ನೊಂದು. ಮೀನು ಮಾರುವವರ ಮಗನ ಹತ್ತಿರ ಕೂತರೆ ಮೂಗು ಮುಚ್ಚಿಕೊಳ್ಳುವ ಆಟ. ಬೀಡಿ ಕಟ್ಟುವ ಉಮ್ಮನ ಮಗಳ ಹಳೇ ಚಪ್ಪಲಿಗೆ ನಗು. ಗಲ್ಫಿನಲ್ಲಿ ಓದಿ ಊರಿಗೆ ಬಂದ ಹುಡುಗನಿಗೆ ಕನ್ನಡ ಬಾರದೆಂದು ಕೀಟಲೆ. ಹುಡುಗಿಯರಲ್ಲಿ ಹೊಡೆದಾಟ ಕಡಿಮೆ, ದೂರ ಇಡುವುದು ಹೆಚ್ಚು. ‘ಅವಳ ಹತ್ರ ಯಾರೂ ಮಾತಾಡುದು ಬೇಡ’ ಎಂಬ ಒಂದು ಆಜ್ಞೆ ಸಾಕು, ಒಂದು ಮಗುವಿನ ಇಡೀ ವರ್ಷ ಹಾಳು.

ಈ ಹೆಸರುಗಳನ್ನು ಮಕ್ಕಳು ಎಲ್ಲಿ ಕಲಿತರು? ನಮ್ಮಿಂದ. ಊರಲ್ಲಿ ಒಂದೇ ಹೆಸರಿನ ಹತ್ತು ಮಂದಿ ಇರುವಾಗ ಗುರುತಿಗೆ ಒಂದು ಅಡ್ಡಹೆಸರು ಬೇಕೆಂಬುದು ನಮ್ಮ ಸಬೂಬು. ಮನೆ ಹೆಸರು, ಊರ ಹೆಸರು ಹೇಳಿ ಕರೆದರೆ ಗುರುತೂ ಆಗುತ್ತದೆ, ಮರ್ಯಾದೆಯೂ ಉಳಿಯುತ್ತದೆ. ನಾವು ಮಾತ್ರ ಕುಂಟು, ಕುರುಡು, ಬಣ್ಣಗಳನ್ನೇ ಹುಡುಕುತ್ತೇವೆ, ಊಟದ ಸುಪ್ರದ ಸುತ್ತ ಕೂತು ಅದೇ ಹೆಸರು ಹೇಳಿ ನಗುತ್ತೇವೆ. ಪಕ್ಕದಲ್ಲಿ ಮಕ್ಕಳು ಕೇಳುತ್ತಾ ಇರುತ್ತಾರೆ.

ನಮ್ಮದೇ ಒಂದು ತಪ್ಪು ಹೇಳಿಬಿಡುತ್ತೇವೆ. ಏಳನೇ ತರಗತಿವರೆಗೆ ನಮ್ಮ ಜೊತೆ ಒಬ್ಬ ಹುಡುಗ ಓದಿದ್ದ. ಮುಂದಿನ ಹಲ್ಲು ಉಬ್ಬಿತ್ತು. ನಾವೆಲ್ಲ ಅವನಿಗೆ ಒಂದು ಹೆಸರಿಟ್ಟಿದ್ದೆವು. ಎಂಟನೇ ತರಗತಿಗೆ ಅವನು ಬರಲಿಲ್ಲ, ಅಂಗಡಿ ಕೆಲಸಕ್ಕೆ ಸೇರಿದ ಎಂದು ಕೇಳಿದೆವು. ಬಡತನ ಕಾರಣವೋ, ನಾವು ಕಾರಣವೋ, ಆಗ ಯಾರೂ ಕೇಳಲಿಲ್ಲ. ಇದನ್ನು ಬರೆಯುವಾಗ ಅವನ ನಿಜವಾದ ಹೆಸರು ನೆನಪು ಮಾಡಿಕೊಳ್ಳಲು ಎಷ್ಟು ಯತ್ನಿಸಿದರೂ ಬರಲಿಲ್ಲ. ನಾವಿಟ್ಟ ಆ ಹೆಸರೊಂದೇ ಬಂತು. ಉಮ್ಮ-ಬಾಪ ಇಟ್ಟ ಹೆಸರನ್ನೇ ಅಳಿಸಿ ಹಾಕಿದ್ದೆವು ನಾವು.

ಮದ್ರಸದಲ್ಲಿ ಕಲಿತದ್ದು

ಸೂರಃ ಅಲ್ ಹುಜುರಾತ್‌ನ 11ನೇ ಸೂಕ್ತ ನಮ್ಮಲ್ಲಿ ಎಷ್ಟೋ ಮಂದಿಗೆ ಬಾಯಿಪಾಠ. ಒಂದು ಗುಂಪು ಇನ್ನೊಂದು ಗುಂಪನ್ನು ಅಪಹಾಸ್ಯ ಮಾಡಬಾರದು, ಅವರು ಇವರಿಗಿಂತ ಉತ್ತಮರಿರಬಹುದು ಎಂಬುದು ಅದರ ಆಶಯ. ಸ್ತ್ರೀಯರಿಗೆ ಇದೇ ಮಾತನ್ನು ಪ್ರತ್ಯೇಕವಾಗಿ ಹೇಳಲಾಗಿದೆ. ಚುಚ್ಚುಮಾತು ಬೇಡ, ಕೆಟ್ಟ ಅಡ್ಡಹೆಸರುಗಳಿಂದ ಕರೆಯುವುದು ಬೇಡ ಎಂದೂ ಅಲ್ಲಿ ಸ್ಪಷ್ಟವಾಗಿ ಉಂಟು. ಅಡ್ಡಹೆಸರು ಸಣ್ಣ ವಿಷಯ ಆಗಿದ್ದರೆ ಅದಕ್ಕೆ ಕುರ್‌ಆನಿನಲ್ಲಿ ಜಾಗ ಯಾಕೆ ಸಿಗುತ್ತಿತ್ತು?

ಸಹಾಬಿ ಅಬೂದರ್ರ್ (ರ) ಅವರ ಪ್ರಸಂಗವನ್ನೂ ಉಸ್ತಾದರು ಹೇಳಿಕೊಟ್ಟಿದ್ದಾರೆ. ಅವರು ಸಿಟ್ಟಿನಲ್ಲಿ ಒಬ್ಬರನ್ನು, ಅವರು ಬಿಲಾಲ್ (ರ) ಎಂದು ಹಲವು ವ್ಯಾಖ್ಯಾನಕಾರರು ಹೇಳುತ್ತಾರೆ, ತಾಯಿಯ ಹೆಸರೆತ್ತಿ ಹೀಯಾಳಿಸಿದರು. ನಿನ್ನಲ್ಲಿ ಇನ್ನೂ ಅಜ್ಞಾನಕಾಲದ ಗುಣ ಉಳಿದಿದೆ ಎಂದು ಪ್ರವಾದಿ (ಸ) ಅವರನ್ನು ತಿದ್ದಿದರು. ಅಷ್ಟು ದೊಡ್ಡ ಸಹಾಬಿಗೂ ವಿನಾಯಿತಿ ಸಿಗಲಿಲ್ಲ. ಅವರೂ ತಿದ್ದಿಕೊಂಡರು. ಮುಂದೆ ತಾವು ಉಟ್ಟಂಥದ್ದೇ ಬಟ್ಟೆಯನ್ನು ಸೇವಕನಿಗೂ ಉಡಿಸಿದರು.

ಇನ್ನೊಂದು ಪ್ರಸಿದ್ಧ ಹದೀಸ್. ಸಹೋದರ ಅನ್ಯಾಯ ಮಾಡುವವನಾಗಲಿ, ಅನ್ಯಾಯಕ್ಕೆ ಒಳಗಾದವನಾಗಲಿ, ಅವನಿಗೆ ನೆರವಾಗಬೇಕು ಎಂದು ಪ್ರವಾದಿ (ಸ) ಹೇಳಿದಾಗ ಅನುಚರರಿಗೆ ಆಶ್ಚರ್ಯ ಆಯಿತು. ಅನ್ಯಾಯ ಮಾಡುವವನಿಗೆ ನೆರವಾಗುವುದು ಹೇಗೆ? ಅವನನ್ನು ಅನ್ಯಾಯದಿಂದ ತಡೆಯುವುದೇ ಅವನಿಗೆ ಮಾಡುವ ನೆರವು ಎಂಬುದು ಉತ್ತರ. ‘ನಿಮ್ಮ ಮಗ ನಮ್ಮ ಮಗನಿಗೆ ತೊಂದರೆ ಕೊಡ್ತಾನೆ’ ಎಂಬ ದೂರು ಬಂದಾಗ ‘ನಮ್ಮ ಮಗ ಅಂಥವನಲ್ಲ’ ಎಂದು ಬಾಗಿಲಲ್ಲೇ ಜಗಳಕ್ಕೆ ನಿಲ್ಲುವ ಹೆತ್ತವರು ಈ ಹದೀಸನ್ನು ನೆನಪಿಡಬೇಕು. ಮಗನ ಪರ ವಹಿಸಿ ಅವನ ಕೈ ಬಿಡುವುದು ಪ್ರೀತಿ ಅಲ್ಲ. ಅವನ ಕೈ ಹಿಡಿಯುವುದು ಪ್ರೀತಿ. ಹಿಡಿಯುವುದೆಂದರೆ ಬೆತ್ತದಲ್ಲಿ ಬಾರಿಸುವುದೂ ಅಲ್ಲ. ದೊಡ್ಡವನು ಸಣ್ಣವನಿಗೆ ಹೊಡೆಯಬಹುದು ಎಂಬ ಅದೇ ಪಾಠವನ್ನು ಮನೆಯಲ್ಲಿ ಇನ್ನೊಮ್ಮೆ ಕಲಿಸಿದ ಹಾಗೆ ಆಗುತ್ತದೆ, ಅಷ್ಟೆ.

ನಗುವವರು ನಿಂತರೆ ಆಟ ನಿಂತಿತು

ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯದವರು ‘ಕಿವಾ’ ಎಂಬ ಒಂದು ಕಾರ್ಯಕ್ರಮ ರೂಪಿಸಿದ್ದಾರೆ. ಅದರ ಮುಖ್ಯ ಗಮನ ಹೊಡೆಯುವವನ ಮೇಲೂ ಅಲ್ಲ, ತಿನ್ನುವವನ ಮೇಲೂ ಅಲ್ಲ, ಸುತ್ತ ನಿಂತು ನೋಡುವವರ ಮೇಲೆ. ಕೀಟಲೆ ಮಾಡುವವನಿಗೆ ಬೇಕಾದದ್ದು ನಗು. ನಗುವವರು ಇಲ್ಲದಿದ್ದರೆ ಅವನ ಅಂಗಡಿಗೆ ವ್ಯಾಪಾರ ಇಲ್ಲ. ಆದ್ದರಿಂದ ‘ನೀನು ಯಾರಿಗಾದರೂ ಹೊಡೆದೆಯಾ?’ ಎಂದು ಮಾತ್ರ ನಮ್ಮ ಮಕ್ಕಳನ್ನು ಕೇಳಿದರೆ ಸಾಲದು. ‘ಅವನಿಗೆ ಹಾಗೆ ಕರೆದಾಗ ನೀನು ನಕ್ಕೆಯಾ?’ ಎಂದೂ ಕೇಳಬೇಕು. ನಗದೆ ಇರುವುದು, ಒಂಟಿಯಾದವನ ಪಕ್ಕ ಹೋಗಿ ಕೂರುವುದು, ಟೀಚರಿಗೆ ಹೇಳುವುದು ಚಾಡಿ ಅಲ್ಲ, ಧೈರ್ಯ ಎಂದು ಹೇಳಿಕೊಡಬೇಕು.

ಮನೆಯಲ್ಲಿ ಎಂತ ಮಾಡುವುದು?

ಮಗು ಬಾಯಿ ಬಿಟ್ಟು ಹೇಳುವುದು ಕಡಿಮೆ. ಬಾಪ ದೂರದಲ್ಲಿ, ಹತ್ತು ನಿಮಿಷದ ಫೋನಿನಲ್ಲಿ ‘ಚೆನ್ನಾಗಿ ಓದ್ತೀಯಾ?’ ಎಂದು ಕೇಳುವಾಗ ಅಳಲಿಕ್ಕೆ ಮಗುವಿಗೆ ಮನಸ್ಸು ಬರುವುದಿಲ್ಲ. ಅದರ ದೇಹ ಹೇಳುತ್ತದೆ. ಶಾಲೆಯ ದಿನ ಮಾತ್ರ ಬರುವ ಹೊಟ್ಟೆನೋವು, ತಲೆನೋವು. ಕಳೆದುಹೋಗುವ ಪೆನ್ಸಿಲು, ಹರಿದ ಪುಸ್ತಕ. ತಿನ್ನದೆ ಮರಳಿದ ಬುತ್ತಿ. ಕಡಿಮೆಯಾದ ಅಂಕ, ರಾತ್ರಿ ಬೆಚ್ಚಿ ಏಳುವುದು, ಮೊಬೈಲ್ ನೋಡಿ ಮುಖ ಸಣ್ಣ ಮಾಡುವುದು. ಒಂದೆರಡು ಕಂಡರೆ ಹತ್ತಿರ ಕೂರಿಸಿಕೊಂಡು ಮಾತಾಡಿಸಿ.

ಹೇಳಿದಾಗ ಪೂರ್ತಿ ಕೇಳಿ. ‘ನೀನೂ ಎರಡು ಕೊಡು’ ಅನ್ನಬೇಡಿ. ಕೊಡುವ ಶಕ್ತಿ ಇದ್ದಿದ್ದರೆ ಅದು ನಿಮ್ಮ ಹತ್ತಿರ ಬರುತ್ತಿರಲಿಲ್ಲ. ‘ನೀನು ಎಂತ ಮಾಡಿದ್ದಿ ಮೊದಲು?’ ಅಂತ ಕೇಳಿದರೆ ಮಗು ಇನ್ನೊಮ್ಮೆ ಬಾಯಿ ತೆರೆಯುವುದಿಲ್ಲ. ‘ಹೇಳಿದ್ದು ಒಳ್ಳೆದಾಯ್ತು, ನಿನ್ನ ತಪ್ಪಲ್ಲ, ನಾವಿದ್ದೇವೆ’ ಎಂಬ ಮೂರು ಮಾತು ಮೊದಲು ಬರಲಿ.

ನಂತರ ದಿನಾಂಕ, ಜಾಗ, ನಡೆದದ್ದು ಬರೆದಿಡಿ. ಮೊಬೈಲಿನಲ್ಲಿ ಬಂದದ್ದರ ಸ್ಕ್ರೀನ್‌ಶಾಟ್ ತೆಗೆದಿಡಿ. ವ್ಯಾನ್ ನಿಲ್ಲುವಲ್ಲಿ ಕಾದು ನಿಂತು ಬೇರೆಯವರ ಮಗುವಿಗೆ ಗದರಿಸಬೇಡಿ. ಮೊದಲು ತರಗತಿ ಶಿಕ್ಷಕರು, ಆಮೇಲೆ ಮುಖ್ಯಶಿಕ್ಷಕರು, ಸರಕಾರಿ ಶಾಲೆಯಾದರೆ ಎಸ್‌ಡಿಎಂಸಿ, ಅಲ್ಲೂ ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ. ಬರೆದು ಕೊಡಿ, ಪ್ರತಿ ಇಟ್ಟುಕೊಳ್ಳಿ.

ಕಾನೂನೂ ಮಗುವಿನ ಕಡೆ ಉಂಟು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ತರಗತಿಯ ಮುಂದೆ ಮಗುವಿನ ಉಚ್ಚಾರಕ್ಕೆ ನಗುವ ಶಿಕ್ಷಕರು ಇದನ್ನು ಓದಿಕೊಳ್ಳುವುದು ಒಳ್ಳೆಯದು. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ರ‍್ಯಾಗಿಂಗ್ ಶಿಕ್ಷಾರ್ಹ ಅಪರಾಧ. ಸಿಬಿಎಸ್‌ಇ 2015ರಲ್ಲೇ ಬುಲ್ಲಿಯಿಂಗ್ ತಡೆಯಲು ಸಮಿತಿ ಮಾಡುವಂತೆ ತನ್ನ ಶಾಲೆಗಳಿಗೆ ಸೂಚಿಸಿದೆ. ಲೈಂಗಿಕವಾಗಿ ಮುಟ್ಟುವುದು, ಅಂಥ ಫೋಟೋ ಹಂಚುವುದು ನಡೆದಿದ್ದರೆ ಅದು 2012ರ ಪೋಕ್ಸೊ ಕಾಯ್ದೆಗೆ ಬರುತ್ತದೆ, ಮುಚ್ಚಿಡುವ ಹಾಗಿಲ್ಲ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯಕ್ಕೆ ಟೆಲಿ ಮನಸ್ 14416, ಎರಡೂ ಉಚಿತ. ‘ನನಗೆ ಬದುಕುದೇ ಬೇಡ’ ಎಂಬ ಅರ್ಥದ ಮಾತು ಮಗುವಿನ ಬಾಯಿಯಿಂದ ಬಂದರೆ ಆ ದಿನವೇ ಫೋನ್ ಮಾಡಿ, ಅದನ್ನು ಹಠ ಎಂದು ತಳ್ಳಿಹಾಕಬೇಡಿ. ಮನೋವೈದ್ಯರ ಹತ್ತಿರ ಹೋಗುವುದರಲ್ಲಿ ಯಾವ ಅವಮಾನವೂ ಇಲ್ಲ.

ಜಮಾಅತಿನ ಹಿರಿಯರಲ್ಲೂ ಒಂದು ಬಿನ್ನಹ. ವರ್ಷಕ್ಕೆ ಒಂದು ಜುಮಾ ಖುತುಬಾ ಅಡ್ಡಹೆಸರಿನ ಬಗ್ಗೆ ಆಗಲಿ. ಮದ್ರಸದ ಹೆತ್ತವರ ಸಭೆಯಲ್ಲಿ ಫೀಸು, ಹಾಜರಿಯ ಜೊತೆ ‘ಯಾವ ಮಗು ಒಂಟಿಯಾಗಿ ಕೂರುತ್ತದೆ?’ ಎಂಬ ಪ್ರಶ್ನೆಯೂ ಬರಲಿ. ನಮ್ಮ ಮಕ್ಕಳು ಪ್ರತಿದಿನ ಶಾಲೆಗೂ ಮೊದಲು ಕಾಲಿಡುವುದು ಮದ್ರಸಕ್ಕೆ. ದಿನದ ಮೊದಲ ಸಲಾಂ ಅಲ್ಲಿ ಸರಿಯಾದ ಹೆಸರಿನ ಜೊತೆ ಸಿಕ್ಕಿದರೆ ಉಳಿದ ದಿನ ತಡೆದುಕೊಳ್ಳಲಿಕ್ಕೆ ಮಗುವಿಗೆ ಸ್ವಲ್ಪ ಬಲ ಬರುತ್ತದೆ.

ಆ ಹುಡುಗ ಈಗ ಹೇಗಿದ್ದಾನೆ?

ಉಮ್ಮ ನೋಟ್ ಪುಸ್ತಕ ಹಿಡಿದುಕೊಂಡು ಶಾಲೆಗೆ ಹೋದರು. ಮೊದಲು ಅಳು ಬಂತಂತೆ, ಮಾತು ಬರಲಿಲ್ಲವಂತೆ. ಆ ಟೀಚರು ಪುಟ ತಿರುವಿ ನೋಡಿ ಬಹಳ ಹೊತ್ತು ಸುಮ್ಮನಾದರು. ಮಾರನೇ ದಿನ ತರಗತಿಯಲ್ಲಿ ‘ಆ ದಿನ ನಾನೂ ನಕ್ಕದ್ದು ತಪ್ಪು’ ಎಂದು ಮಕ್ಕಳೆದುರೇ ಹೇಳಿದರು. ಹಾಗೆ ಹೇಳಲಿಕ್ಕೆ ದೊಡ್ಡ ಮನಸ್ಸು ಬೇಕು. ಆಮೇಲೆ ಪ್ರತಿ ಮಗುವೂ ಮನೆಮಾತಿನಲ್ಲಿ ಒಂದು ವಾಕ್ಯ ಹೇಳಬೇಕು, ಉಳಿದವರು ಅದನ್ನು ಹಾಗೆಯೇ ಹೇಳಲು ಯತ್ನಿಸಬೇಕು ಎಂಬ ಆಟ ಮಾಡಿಸಿದರು. ತುಳು ಬಂತು, ಕೊಂಕಣಿ ಬಂತು, ಬ್ಯಾರಿ ಬಂತು. ಎಲ್ಲರ ನಾಲಿಗೆಯೂ ಒಂದಲ್ಲ ಒಂದು ಕಡೆ ತೊಡರಿತು. ಆ ನಗು ಬೇರೆಯೇ ನಗು.

ವ್ಯಾನಿನ ವಿಷಯ ಸರಿಮಾಡಿದ್ದು ಟೀಚರಲ್ಲ. ಏಳನೇ ತರಗತಿಯ ಒಬ್ಬ ಹುಡುಗ ಒಂದು ದಿನ ಸುಮ್ಮನೆ ಬಂದು ಅವನ ಪಕ್ಕದ ಖಾಲಿ ಸೀಟಿನಲ್ಲಿ ಕೂತ, ಅವನ ಹೆಸರು ಹಿಡಿದು ಕರೆದು ಹೋಮ್‌ವರ್ಕ್ ಕೇಳಿದ. ಅಷ್ಟೆ. ಯಾರೂ ಹೇಳಿಕೊಟ್ಟದ್ದಲ್ಲವಂತೆ.

ಎಲ್ಲ ಮುಗಿದಿಲ್ಲ. ‘ಳ’ ಇರುವ ಶಬ್ದ ಬಂದಾಗ ಹುಡುಗ ಈಗಲೂ ಒಂದು ಕ್ಷಣ ನಿಂತು, ಸುತ್ತ ನೋಡಿ, ಆಮೇಲೆ ಓದುತ್ತಾನೆ. ಒಬ್ಬಿಬ್ಬರು ಈಗಲೂ ಹಳೇ ಹೆಸರು ಕರೆಯುತ್ತಾರೆ. ಆದರೆ ಭಾನುವಾರ ಸಂಜೆಯ ಹೊಟ್ಟೆನೋವು ನಿಂತಿದೆ. ‘ಅಷ್ಟಾದರೂ ಆಯ್ತಲ್ಲ, ಅಲ್‌ಹಮ್ದುಲಿಲ್ಲಾಹ್’ ಎನ್ನುತ್ತಾರೆ ಉಮ್ಮ.

ಹಲ್ಲಿ ಅಂತ ಕರೆದರೆ ಏನಾಯ್ತು ಎಂದು ಕೇಳುವವರಿಗೆ ನಾಲ್ಕು ತಿಂಗಳ ಆ ನೋಟ್ ಪುಸ್ತಕ ಉತ್ತರ ಕೊಟ್ಟಿದೆ. ಇಂದು ಸಂಜೆ ಮಕ್ಕಳು ಮನೆಗೆ ಬಂದಾಗ ಎಷ್ಟು ಅಂಕ ಬಂತು ಎಂದು ಕೇಳುವ ಮೊದಲು, ಇವತ್ತು ಯಾರ ಪಕ್ಕ ಕೂತೆ ಮೋನು ಎಂದು ಒಮ್ಮೆ ಕೇಳಿ ನೋಡಿ.